ಗಡಸು ನೀರಿನ ಮನೆ ಪ್ಲಂಬಿಂಗ್: ಗೋಡೆ ಒಡೆಸೋಕೆ ಮುಂಚೆ ನಲ್ಲಿ ತುದಿ ಬಿಚ್ಚಿ ನೋಡಿ

ನಮ್ಮನೆ ಬಾತ್‌ರೂಮಲ್ಲಿ ಶವರ್ ನೀರು ದಿನದಿಂದ ದಿನಕ್ಕೆ ಸಣ್ಣಗಾಗ್ತಾ ಬಂದು ಕೊನೆಗೆ ನಾಲ್ಕೈದು ದಾರದ ಎಳೆ ಥರ ಬೀಳೋಕೆ ಶುರುವಾಯ್ತು. ಕರೆಸಿದ ಪ್ಲಂಬರ್ ಬಂದು ನೋಡಿ, ಗೋಡೆ ಒಳಗಿನ ಲೈನ್ ಪೂರ್ತಿ ಕಟ್ಕೊಂಡಿದೆ, ಟೈಲ್ಸ್ ಒಡೆದು ಹೊಸ ಪೈಪ್ ಹಾಕ್ಬೇಕು ಅಂದ್ರು, ಎಲ್ಲಿಂದ ಎಲ್ಲಿಗೆ ಒಡೀಬೇಕು ಅಂತ ಚಾಕ್‌ಪೀಸಲ್ಲಿ ಗೆರೆನೂ ಎಳೆದು ಹೋದ್ರು. ಅವತ್ತು ರಾತ್ರಿ ಯಾಕೋ ಮನಸ್ಸು ಒಪ್ಪದೆ ನಾನೇ ಶವರ್ ತಲೆ ಹಿಡಿದು ತಿರುಗಿಸಿ ಬಿಚ್ಚಿದೆ, ಆಮೇಲೆ ನಲ್ಲಿ ತಿರುಗಿಸಿದ್ರೆ ಬರೀ ಪೈಪಿಂದ ನೀರು ಧೋ ಅಂತ ಬಂತು. ಪೈಪಿಗೆ ಏನೂ ಆಗಿರಲಿಲ್ಲ. ಶವರ್ ಒಳಗಿನ ಜಾಲರಿ ಮೇಲೆ ಮೊಟ್ಟೆ ಚಿಪ್ಪಿನ ಚೂರುಗಳ ಥರ ಬಿಳಿ ಚಕ್ಕೆ ತುಂಬ್ಕೊಂಡಿತ್ತು, ಕೈಯಲ್ಲಿ ತಟ್ಟಿದ್ರೆ ಮುಷ್ಟಿಗಾಗೋಷ್ಟು ಉದುರಿತು.

ಅವತ್ತಿಂದ ನಾನು ಯಾರು ಕೇಳಿದ್ರೂ ಹೇಳೋದು ಒಂದೇ, ಗಡಸು ನೀರಿರೋ ಮನೇಲಿ ತೊಂದರೆ ಹುಡುಕೋದನ್ನ ಯಾವಾಗ್ಲೂ ನೀರು ಹೊರಗೆ ಬೀಳೋ ತುದಿಯಿಂದ ಶುರು ಮಾಡಿ ಒಂದೊಂದೇ ಹೆಜ್ಜೆ ಒಳಗಡೆ ಹೋಗಿ, ಗೋಡೆ ಕಟ್ಟಕಡೆಗೆ. ಸುಮಾರು ತೊಂದರೆಗಳು ಆ ಕೊನೇ ಎರಡು ಇಂಚಲ್ಲೇ ಇರುತ್ತೆ.

ಮೊದಲು ನಿಮ್ಮ ನೀರು ಎಷ್ಟು ಗಡಸು ಅಂತ ತಿಳ್ಕೊಳ್ಳಿ

ಮಳೆ ನೀರು ಮಣ್ಣು, ಕಲ್ಲಿನ ಮಧ್ಯೆ ಇಳಿಯೋವಾಗ ಕ್ಯಾಲ್ಸಿಯಂ ಮತ್ತೆ ಮೆಗ್ನೀಷಿಯಂ ಕರಗಿಸ್ಕೊಂಡು ಬರುತ್ತೆ, ಅದೇ ಗಡಸುತನ. ಇದರಲ್ಲಿ ಎರಡು ಥರ ಇದೆ. ಬೈಕಾರ್ಬೊನೇಟ್ ರೂಪದಲ್ಲಿ ಇರೋದು ತಾತ್ಕಾಲಿಕ ಗಡಸುತನ, ನೀರು ಕಾಯಿಸಿದ ತಕ್ಷಣ ಅದು ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಅಂದ್ರೆ ಸುಣ್ಣದಕಲ್ಲಾಗಿ ಕೂತ್ಕೊಳ್ಳುತ್ತೆ. ಸಲ್ಫೇಟ್, ಕ್ಲೋರೈಡ್ ರೂಪದ್ದು ಶಾಶ್ವತ ಗಡಸುತನ, ಅದು ಕುದಿಸಿದ್ರೂ ಹೋಗಲ್ಲ. ಇನ್ನೊಂದು ವಿಷಯ ಇಲ್ಲಿ ಗಮನಿಸಿ, ಸಕ್ಕರೆ ಉಪ್ಪೆಲ್ಲ ಬಿಸಿ ನೀರಲ್ಲಿ ಜಾಸ್ತಿ ಕರಗುತ್ತೆ ಆದ್ರೆ ಈ ಸುಣ್ಣ ಉಲ್ಟಾ, ನೀರು ಬಿಸಿಯಾದಷ್ಟೂ ಕಮ್ಮಿ ಕರಗುತ್ತೆ, ಅದಕ್ಕೇ ಮನೇಲಿ ಎಲ್ಲಕ್ಕಿಂತ ಮೊದಲು ಹಾಳಾಗೋದು ಗೀಸರ್ ಮತ್ತೆ ಬಿಸಿ ನೀರಿನ ದಾರಿ.

ಅಳತೆ ಪಿಪಿಎಂನಲ್ಲಿ ಹೇಳ್ತಾರೆ, ಅಂದ್ರೆ ಒಂದು ಲೀಟರಲ್ಲಿ ಎಷ್ಟು ಮಿಲಿಗ್ರಾಂ ಅಂತ. ಸಾಮಾನ್ಯವಾಗಿ 60ರ ಒಳಗಿದ್ರೆ ಮೆದು ನೀರು, 61ರಿಂದ 120 ಸ್ವಲ್ಪ ಗಡಸು, 121ರಿಂದ 180 ಗಡಸು, 180 ದಾಟಿದ್ರೆ ತುಂಬಾ ಗಡಸು. ಬೋರ್ ನೀರಲ್ಲಿ ಇದು 400, 500 ಇರೋದೂ ಉಂಟು.

ಇಲ್ಲಿ ಸುಮಾರು ಜನ ಮಾಡೋ ತಪ್ಪು ಏನಂದ್ರೆ ಟಿಡಿಎಸ್ ಮೀಟರ್ ಅದ್ದಿ ಬಂದ ನಂಬರ್ ನೋಡಿ ಅದೇ ಗಡಸುತನ ಅಂದ್ಕೊಳ್ಳೋದು. ಟಿಡಿಎಸ್ ಅಂದ್ರೆ ನೀರಲ್ಲಿ ಕರಗಿರೋ ಎಲ್ಲಾ ಲವಣಾನೂ ಸೇರಿ, ಗಡಸುತನ ಅದರಲ್ಲಿ ಒಂದು ಭಾಗ ಅಷ್ಟೇ, ಎರಡೂ ಬೇರೆ. ಗಡಸುತನ ಅಳೆಯೋಕೆ ಹನಿ ಹಾಕೋ ಕಿಟ್ ಸಿಗುತ್ತೆ, ನೀರಿಗೆ ಮೊದಲು ಒಂದು ಬಣ್ಣದ ದ್ರಾವಣ ಹಾಕಿದ್ರೆ ನೇರಳೆಗೆಂಪು ಆಗುತ್ತೆ, ಆಮೇಲೆ ಎರಡನೇ ಬಾಟಲಿಂದ ಒಂದೊಂದೇ ಹನಿ ಹಾಕಿ ಅಲ್ಲಾಡಿಸ್ತಾ ಹೋಗಿ, ಯಾವ ಹನಿಗೆ ಪೂರ್ತಿ ನೀಲಿ ಆಗುತ್ತೋ ಅಲ್ಲಿ ನಿಲ್ಲಿಸಿ ಹನಿ ಎಣಿಸಿ, ಒಂದು ಹನಿಗೆ ಎಷ್ಟು ಪಿಪಿಎಂ ಅಂತ ಕಿಟ್ ಮೇಲೇ ಬರೆದಿರುತ್ತೆ. ಕಿಟ್ ಇಲ್ಲ ಅಂದ್ರೆ ಒಂದು ಬಾಟಲಿಗೆ ಮೂರನೇ ಒಂದು ಭಾಗ ನೀರು ಹಾಕಿ ನಿಜವಾದ ಸೋಪಿನ ದ್ರಾವಣ ಐದಾರು ಹನಿ ಬಿಟ್ಟು ಜೋರಾಗಿ ಕುಲುಕಿ, ನೊರೆ ಬರದೆ ನೀರು ಹಾಲಿನ ಥರ ಮಬ್ಬಾದ್ರೆ ಗಡಸು. ಡಿಟರ್ಜೆಂಟಲ್ಲಿ ಈ ಪರೀಕ್ಷೆ ಸರಿ ಬರಲ್ಲ, ಅದು ಗಡಸು ನೀರಲ್ಲೂ ನೊರೆ ಕೊಡುತ್ತೆ.

ಕೈಯಲ್ಲಿ ಇರಬೇಕಾದ ಸಾಮಾನು

ಒಂದು ಅಡ್ಜಸ್ಟಬಲ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಟೆಫ್ಲಾನ್ ಟೇಪ್, ಹಳೇ ಟೂತ್‌ಬ್ರಷ್, ದಪ್ಪ ಬಟ್ಟೆ, ಬಕೆಟ್, ಬಿಳಿ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಪುಡಿ. ಸಿಟ್ರಿಕ್ ಆದ್ರೆ ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ 50 ಗ್ರಾಂ ಸಾಕು. ಕುದಿಯೋ ನೀರಿಗೆ ಹಾಕ್ಬೇಡಿ, ತುಂಬಾ ಬಿಸಿ ಇದ್ರೆ ಕ್ಯಾಲ್ಸಿಯಂ ಸಿಟ್ರೇಟ್ ಅನ್ನೋ ಇನ್ನೊಂದು ಬಿಳಿ ಪದಾರ್ಥ ಕೂತ್ಕೊಂಡು ಅದನ್ನ ತೆಗೆಯೋದೇ ಬೇರೆ ಕೆಲಸ ಆಗುತ್ತೆ.

ಇದೊಂದನ್ನ ಮಾತ್ರ ಮರೀಬೇಡಿ: ವಿನೆಗರ್ ಆಗ್ಲಿ ಸಿಟ್ರಿಕ್ ಆಗ್ಲಿ ಟಾಯ್ಲೆಟ್ ತೊಳೆಯೋ ಆಸಿಡ್ ಆಗ್ಲಿ ಯಾವುದನ್ನೂ ಬ್ಲೀಚ್ ಜೊತೆ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ, ಮುಚ್ಚಿದ ಬಾತ್‌ರೂಮಲ್ಲಿ ಅದು ಪ್ರಾಣಕ್ಕೇ ಅಪಾಯ. ಮಾರ್ಬಲ್ ಇರೋ ಕಡೆ ಹುಳಿ ಯಾವುದೂ ತಾಗಿಸ್ಬೇಡಿ, ಮಾರ್ಬಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟೇ, ಅದೂ ಕರಗಿ ಹೊಳಪು ಹೋಗುತ್ತೆ.

ನೀರು ಸಣ್ಣಗೆ ಬರ್ತಿದ್ರೆ: ತುದಿಯಿಂದ ಒಳಗೆ

ಮೊದಲನೇ ಕೆಲಸ ಏನೂ ಬಿಚ್ಚದೆ ಮನೆಯೆಲ್ಲ ಒಂದು ಸುತ್ತು ಹೊಡೆದು ಪ್ರತಿ ನಲ್ಲಿನೂ ತಿರುಗಿಸಿ ನೋಡೋದು. ಒಂದೇ ನಲ್ಲೀಲಿ ಸಣ್ಣಗಿದ್ರೆ ತೊಂದರೆ ಹೆಚ್ಚಾಗಿ ಆ ನಲ್ಲೀಲೇ ಇರುತ್ತೆ. ಒಂದು ಬಾತ್‌ರೂಮಿಗೆ ಬರೋ ಎಲ್ಲಾ ನಲ್ಲೀಲೂ ಸಣ್ಣಗಿದ್ರೆ ಆ ಬಾತ್‌ರೂಮಿನ ವಾಲ್ವ್ ನೋಡ್ಬೇಕು. ಮನೆಯೆಲ್ಲಾ ಸಣ್ಣಗಿದ್ರೆ ಟ್ಯಾಂಕಿಂದ ಹೊರಗೆ ಬರೋ ಮೇನ್ ವಾಲ್ವ್ ಅಥವಾ ಫಿಲ್ಟರ್. ತಣ್ಣೀರು ಚೆನ್ನಾಗಿ ಬಂದು ಬಿಸಿ ನೀರು ಮಾತ್ರ ಸಣ್ಣಗಿದ್ರೆ ಗೀಸರ್ ದಾರಿ. ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕಿದ್ರೆ ಅರ್ಧ ಕೆಲಸ ಮುಗೀತು, ಪ್ಲಂಬರ್ ಕರೆಸಿದ್ರೂ ಇದನ್ನೇ ಹೇಳಿ, ಅವರ ಸಮಯನೂ ಉಳಿಯುತ್ತೆ.

ಜೊತೆಗೆ 10 ಲೀಟರ್ ಬಕೆಟ್ ಇಟ್ಟು ತುಂಬೋಕೆ ಎಷ್ಟು ಸೆಕೆಂಡ್ ಬೇಕು ಅಂತ ಅಳೆದು ಬರೆದಿಡಿ. 60 ಸೆಕೆಂಡ್ ಆದ್ರೆ ನಿಮಿಷಕ್ಕೆ 10 ಲೀಟರ್, 2 ನಿಮಿಷ ಆದ್ರೆ 5 ಲೀಟರ್. ಕಣ್ಣಂದಾಜು ನಂಬೋಕಾಗಲ್ಲ, ನೀರು ನಿಧಾನಕ್ಕೆ ಕಮ್ಮಿ ಆಗ್ತಾ ಹೋಗೋದ್ರಿಂದ ನಾವು ಅದಕ್ಕೇ ಹೊಂದ್ಕೊಂಡು ಬಿಟ್ಟಿರ್ತೀವಿ.

ಈಗ ಬಿಚ್ಚೋ ಕೆಲಸ. ನಲ್ಲಿ ಬಾಯಲ್ಲಿ ತಿರುಗಿಸಿ ಕೂರಿಸಿರೋ ಸಣ್ಣ ಜಾಲರಿ ಇರುತ್ತಲ್ಲ ಅದು ಏರೇಟರ್, ಅದಕ್ಕೆ ಬಟ್ಟೆ ಸುತ್ತಿ ಸ್ಪ್ಯಾನರಲ್ಲಿ ಹಿಡಿದು ಬಿಚ್ಚಿ, ಬಟ್ಟೆ ಇಲ್ದೆ ಹಿಡಿದ್ರೆ ಕ್ರೋಮ್ ಕಿತ್ತು ಬರುತ್ತೆ. ತುಂಬಾ ಬಿಗಿಯಾಗಿದ್ರೆ ಬಲ ಹಾಕ್ಬೇಡಿ, ಒಂದು ಪ್ಲಾಸ್ಟಿಕ್ ಕವರಲ್ಲಿ ವಿನೆಗರ್ ಹಾಕಿ ನಲ್ಲಿ ಬಾಯಿ ಮುಳುಗೋ ಹಾಗೆ ರಬ್ಬರ್ ಬ್ಯಾಂಡಲ್ಲಿ ಕಟ್ಟಿ ಅರ್ಧ ಗಂಟೆ ಬಿಡಿ, ಆಮೇಲೆ ಸಲೀಸಾಗಿ ಬರುತ್ತೆ. ಬಿಚ್ಚಿದ ಮೇಲೆ ಒಳಗಿನ ಜಾಲರಿ, ವಾಷರ್ ಯಾವ ಕ್ರಮದಲ್ಲಿ ಇತ್ತು ಅಂತ ಫೋನಲ್ಲಿ ಫೋಟೋ ತೆಗೆದು ಆಮೇಲೆ ಬಿಡಿಸಿ ಹುಳಿ ನೀರಲ್ಲಿ ಹಾಕಿ. ಸಣ್ಣ ಸಣ್ಣ ಗುಳ್ಳೆ ಏಳೋಕೆ ಶುರುವಾಗುತ್ತೆ, ಅದು ಸುಣ್ಣ ಕರಗಿ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರ್ತಿರೋದು, ಗುಳ್ಳೆ ನಿಂತ್ರೆ ಒಂದೋ ಸುಣ್ಣ ಮುಗೀತು ಇಲ್ಲಾ ಹುಳಿ ಮುಗೀತು, ಬಿಳಿ ಇನ್ನೂ ಇದ್ರೆ ಹೊಸ ದ್ರಾವಣ ಹಾಕಿ. ಅರ್ಧದಿಂದ ಒಂದು ಗಂಟೆ ಸಾಕು, ರಾತ್ರಿಯೆಲ್ಲಾ ಬಿಟ್ರೆ ಕ್ರೋಮ್ ಮಂಕಾಗುತ್ತೆ. ಕಪ್ಪು, ಚಿನ್ನದ ಬಣ್ಣದ ನಲ್ಲಿಗಳಿಗೆ ಇನ್ನೂ ಕಮ್ಮಿ ಹೊತ್ತು, ನೀರು ಬೆರೆಸಿದ ದ್ರಾವಣ. ಆಮೇಲೆ ಬ್ರಷ್‌ನಲ್ಲಿ ಉಜ್ಜಿ ತೊಳೆದು ಜೋಡಿಸಿ. ಶವರ್ ತಲೆಗೂ ಇದೇ ಕ್ರಮ, ರಬ್ಬರ್ ತೂತುಗಳಿರೋ ಶವರ್ ಆದ್ರೆ ಹೆಬ್ಬೆರಳಲ್ಲಿ ಒತ್ತಿ ಉಜ್ಜಿದ್ರೂ ಉದುರುತ್ತೆ.

ಏರೇಟರ್ ತೆಗೆದ್ರೂ ನೀರು ಸಣ್ಣಗೇ ಇದ್ರೆ ಒಂದು ಹೆಜ್ಜೆ ಹಿಂದೆ ಹೋಗಿ. ಬೇಸಿನ್ ಕೆಳಗೆ ಗೋಡೇಲಿರೋ ಸಣ್ಣ ವಾಲ್ವ್, ಅಂದ್ರೆ ಆಂಗಲ್ ವಾಲ್ವ್ ಮುಚ್ಚಿ, ಕನೆಕ್ಷನ್ ಹೋಸನ್ನ ನಲ್ಲಿ ಕಡೆಯಿಂದ ಬಿಚ್ಚಿ, ಅದರ ಬಾಯನ್ನ ಬಕೆಟಲ್ಲಿ ಹಿಡಿದು ವಾಲ್ವ್ ತೆಗೀರಿ. ಹೋಸಿಂದ ಜೋರಾಗಿ ಬಂದ್ರೆ ತೊಂದರೆ ನಲ್ಲಿ ಒಳಗೆ, ಅಂದ್ರೆ ಕಾರ್ಟ್ರಿಡ್ಜಲ್ಲಿ (ನೀರು ಬಿಡೋ, ನಿಲ್ಲಿಸೋ ಒಳಭಾಗ) ಅಥವಾ ಬಿಸಿ ತಣ್ಣೀರು ಬೆರೆಸೋ ಮಿಕ್ಸರ್ ನಲ್ಲಿ ಬಾಯಲ್ಲಿರೋ ಜಾಲರೀಲಿ. ಹೋಸಿಂದಲೂ ಸಣ್ಣಗೆ ಬಂದ್ರೆ ಹೋಸನ್ನ ವಾಲ್ವ್ ಕಡೆಯಿಂದಲೂ ಬಿಚ್ಚಿ ವಾಲ್ವಿಂದ ನೇರ ನೋಡಿ. ವಾಲ್ವಿಂದಲೂ ಸಣ್ಣಗಿದ್ರೆ ಮೇನ್ ಮುಚ್ಚಿ ವಾಲ್ವ್ ಬಿಚ್ಚಿ ನೋಡ್ಬೇಕು. ಅಲ್ಲೂ ಸಿಕ್ಕಿಲ್ಲ ಅಂದಾಗ ಮಾತ್ರ ಗೋಡೆ ಒಳಗಿನ ಪೈಪಿನ ಮಾತು.

ಒಂದು ವಿಷಯಕ್ಕೆ ಸುಣ್ಣದ ಮೇಲೆ ತಪ್ಪು ಹೊರಿಸಬಾರದು. ಟ್ಯಾಂಕ್ ನೀರಿನ ಒತ್ತಡ ಎತ್ತರದಿಂದ ಬರೋದು, 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್. ಮೇಲಿನ ಮಹಡೀಲಿ ಟ್ಯಾಂಕ್ ಶವರಿಗಿಂತ 2 ಮೀಟರ್ ಮಾತ್ರ ಮೇಲಿದ್ರೆ ಸಿಗೋದು 0.2 ಬಾರ್, ಅಷ್ಟರಲ್ಲಿ ದೊಡ್ಡ ಶವರ್ ಎಷ್ಟು ಕ್ಲೀನ್ ಮಾಡಿದ್ರೂ ಜೋರಾಗಿ ಬರಲ್ಲ. ಮೊದಲ ದಿನದಿಂದಲೇ ಸಣ್ಣಗಿತ್ತಾ ಅಥವಾ ಬರ್ತಾ ಬರ್ತಾ ಆಯ್ತಾ ಅಂತ ಕೇಳ್ಕೊಳ್ಳಿ. ಮೊದಲಿಂದಲೇ ಆಗಿದ್ರೆ ಪ್ರೆಶರ್ ಪಂಪ್ ಬೇಕು, ಹುಳಿ ಅಲ್ಲ.

ಟ್ಯಾಂಕ್ ತೊಳೆಸಿದ ಮೇಲೆ ಅಥವಾ ಮೇನ್ ಮುಚ್ಚಿ ತೆಗೆದ ಮೇಲೆ ಇದ್ದಕ್ಕಿದ್ದ ಹಾಗೆ ಎಲ್ಲಾ ನಲ್ಲೀಲೂ ನೀರು ಕಮ್ಮಿ ಆಯ್ತು ಅಂದ್ರೆ ಪೈಪೊಳಗೆ ಅಂಟಿದ್ದ ಚಕ್ಕೆಗಳು ಎದ್ದು ಬಂದು ಜಾಲರೀಲಿ ಕೂತಿರೋ ಸಾಧ್ಯತೆನೇ ಜಾಸ್ತಿ. ಅದಕ್ಕೇ ಟ್ಯಾಂಕ್ ತೊಳೆಸೋ ದಿನ ಮೊದಲೇ ಏರೇಟರ್‌ಗಳನ್ನೆಲ್ಲ ಬಿಚ್ಚಿಟ್ಟು, ಆಮೇಲೆ ಎರಡು ನಿಮಿಷ ನೀರು ಬಿಟ್ಟು ಕಸ ಹೋದ ಮೇಲೆ ಹಾಕಿ. ವಾಷಿಂಗ್ ಮಷಿನ್‌ಗೆ ನೀರು ಹೋಗೋ ಹೋಸಿನ ಬಾಯಲ್ಲೂ ಸಣ್ಣ ಜಾಲರಿ ಇದೆ, ಮಷಿನ್ ನೀರು ತಗೋತಿಲ್ಲ ಅಂತ ರಿಪೇರಿಗೆ ಕರೆಯೋ ಮುಂಚೆ ಅದನ್ನ ಎಳೆದು ನೋಡಿ.

ನಲ್ಲಿ ತೊಟ್ಟಿಕ್ಕೋದು, ವಾಲ್ವ್ ಜಾಮ್ ಆಗೋದು

ಹಳೇ ಥರದ ತಿರುಗಿಸೋ ನಲ್ಲಿ ಆದ್ರೆ ಒಳಗಿನ ರಬ್ಬರ್ ವಾಷರ್ ಸವೆದಿರುತ್ತೆ, ಅದು ಕೂರೋ ಹಿತ್ತಾಳೆ ಸೀಟ್ ಮೇಲೆ ಸುಣ್ಣ ಕಟ್ಟಿರುತ್ತೆ. ಬರೀ ವಾಷರ್ ಬದಲಾಯಿಸಿದ್ರೆ ಹೊಸದೂ ಬೇಗ ಹರಿಯುತ್ತೆ, ಸೀಟ್ ಮೇಲಿರೋ ಗಟ್ಟಿ ಅಂಚನ್ನೂ ಉಜ್ಜಿ ನುಣುಪು ಮಾಡ್ಬೇಕು. ಕಾಲು ಸುತ್ತು ತಿರುಗಿಸಿದ್ರೆ ತೆರೆಯೋ ನಲ್ಲಿಗಳಲ್ಲಿ ಎರಡು ಸೆರಾಮಿಕ್ ಬಿಲ್ಲೆ ಒಂದರ ಮೇಲೊಂದು ಜಾರುತ್ತೆ, ಮಧ್ಯೆ ಒಂದು ಚೂರು ಸುಣ್ಣ ಅಥವಾ ಮರಳು ಸಿಕ್ಕಿದ್ರೂ ಗೀರು ಬಿದ್ದು ಸೋರುತ್ತೆ. ಗೀರು ಬಿದ್ದ ಮೇಲೆ ಹುಳಿಯಲ್ಲಿ ನೆನೆಸಿ ಪ್ರಯೋಜನ ಇಲ್ಲ, ಕಾರ್ಟ್ರಿಡ್ಜ್ ಬದಲಾಯಿಸಿ, ಹಳೇದನ್ನ ಕೈಯಲ್ಲಿ ಹಿಡ್ಕೊಂಡೇ ಅಂಗಡಿಗೆ ಹೋಗಿ, ಉದ್ದ ಮತ್ತೆ ಹಲ್ಲಿನ ಸಂಖ್ಯೆ ಒಂದೊಂದು ಕಂಪನಿಗೆ ಒಂದೊಂದು ಥರ. ನಲ್ಲಿ ತಿರುಗಿಸೋಕೆ ಗಟ್ಟಿಯಾಗ್ತಿದೆ ಅನ್ನಿಸಿದಾಗಲೇ ಬಿಚ್ಚಿ ತೊಳೆದ್ರೆ ಮಾತ್ರ ಉಳಿಯುತ್ತೆ.

ಸೆಕೆಂಡಿಗೆ ಒಂದು ಹನಿ ಬಿದ್ರೆ, 20 ಹನಿಗೆ 1 ಮಿಲಿ ಲೀಟರ್ ಅಂತ ಲೆಕ್ಕ ಹಾಕಿದ್ರೂ ದಿನಕ್ಕೆ 4 ಲೀಟರಿಗಿಂತ ಜಾಸ್ತಿ. ನೀರು ಹೋಗೋದಲ್ದೆ ಹನಿ ಬೀಳೋ ಜಾಗದಲ್ಲಿ ಬಿಳಿ, ಕಂದು ಕರೆ ಕಟ್ಟಿ ಬೇಸಿನ್ನೂ ಹಾಳಾಗುತ್ತೆ.

ಮೇನ್ ವಾಲ್ವ್, ಆಂಗಲ್ ವಾಲ್ವ್‌ಗಳನ್ನ ವರ್ಷಗಟ್ಟಲೆ ಮುಟ್ಟದೆ ಬಿಟ್ರೆ ಸುಣ್ಣ ಕಟ್ಟಿ ಕಲ್ಲಾಗುತ್ತೆ, ಪೈಪ್ ಒಡೆದು ನೀರು ಚಿಮ್ಮೋ ದಿನವೇ ಅದು ತಿರುಗಲ್ಲ. ಮೂರು ತಿಂಗಳಿಗೊಮ್ಮೆ ಎಲ್ಲಾ ವಾಲ್ವ್‌ಗಳನ್ನೂ ಪೂರ್ತಿ ಮುಚ್ಚಿ ತೆಗೀರಿ. ಚಕ್ರ ತಿರುಗಿಸೋ ಗೇಟ್ ವಾಲ್ವ್ ಆದ್ರೆ ಪೂರ್ತಿ ತೆರೆದ ಮೇಲೆ ಕಾಲು ಸುತ್ತು ವಾಪಸ್ ತನ್ನಿ, ಇಲ್ಲಾಂದ್ರೆ ಅಲ್ಲೇ ಹಿಡ್ಕೊಳ್ಳುತ್ತೆ. ಬದಲಾಯಿಸೋ ಸಂದರ್ಭ ಬಂದ್ರೆ ಗೇಟ್ ವಾಲ್ವ್ ಬೇಡ, ಕಾಲು ಸುತ್ತಿನ ಬಾಲ್ ವಾಲ್ವ್ ಹಾಕಿಸಿ.

ಗೀಸರ್: ಎಲ್ಲಕ್ಕಿಂತ ಜಾಸ್ತಿ ಗಮನ ಬೇಕಿರೋದು ಇಲ್ಲಿ

ಗೀಸರ್ ಕಾಯೋವಾಗ ಒಳಗಿಂದ ಕಟ ಕಟ, ಗುಡು ಗುಡು ಅಂತ ಸದ್ದು ಬರ್ತಿದ್ರೆ ಎಲಿಮೆಂಟ್ (ನೀರು ಕಾಯಿಸೋ ಸುರುಳಿ) ಮೇಲಿನ ಸುಣ್ಣದ ಪದರದ ಕೆಳಗೆ ಸಿಕ್ಕಿಹಾಕ್ಕೊಂಡಿರೋ ನೀರು ಅಲ್ಲೇ ಕುದಿದು ಆವಿಯಾಗಿ ಹೊರಗೆ ಬರ್ತಿದೆ ಅಂತ ಅರ್ಥ. ಸುಣ್ಣಕ್ಕೆ ಶಾಖ ದಾಟಿಸೋ ಗುಣ ತಾಮ್ರಕ್ಕೆ ಹೋಲಿಸಿದ್ರೆ ನೂರಾರು ಪಟ್ಟು ಕಮ್ಮಿ, ಕಂಬಳಿ ಹೊದಿಸಿದ ಹಾಗೆ. ಕರೆಂಟ್ ಅಷ್ಟೇ ಎಳೆಯುತ್ತೆ, ಆದ್ರೆ ಶಾಖ ನೀರಿಗೆ ಹೋಗೋ ಬದ್ಲು ಎಲಿಮೆಂಟಲ್ಲೇ ಉಳಿದು ಕೊನೆಗೆ ಅದು ಸೀಳುತ್ತೆ, ಎಂಸಿಬಿ (ಬೋರ್ಡಲ್ಲಿರೋ ಸುರಕ್ಷತಾ ಸ್ವಿಚ್) ಟ್ರಿಪ್ ಆಗುತ್ತೆ. ನಾನು ಮೊದಲ ಸಲ ನಮ್ಮನೆ ಗೀಸರ್ ತೆಗೆಸಿದಾಗ ಬೆರಳು ದಪ್ಪ ಇರಬೇಕಾದ ಎಲಿಮೆಂಟ್ ಸುತ್ತುಗಳು ಒಂದಕ್ಕೊಂದು ಸೇರಿಕೊಂಡು ಒಂದೇ ಬಿಳಿ ಗಡ್ಡೆ ಆಗಿತ್ತು, ಕೆಳಗೆ ಟ್ಯಾಂಕ್ ತಳದಲ್ಲಿ ಎರಡು ಬೊಗಸೆ ಒದ್ದೆ ಜಲ್ಲಿ ಥರದ ಚೂರು, ಇಷ್ಟು ದಿನ ಅದರ ಮೇಲೆ ಕಾದ ನೀರಲ್ಲಿ ಮಕ್ಕಳಿಗೆ ಸ್ನಾನ ಮಾಡಿಸ್ತಿದ್ವಿ ಅನ್ನೋದು ನೋಡಿದಾಗ ನಿಜಕ್ಕೂ ಬೇಜಾರಾಯ್ತು.

ಟ್ಯಾಂಕ್ ಇರೋ ಕರೆಂಟ್ ಗೀಸರ್ ಕ್ಲೀನ್ ಮಾಡೋ ಕ್ರಮ ಹೀಗೆ. ವೈರಿಂಗ್ ಕೆಲಸ ಗೊತ್ತಿಲ್ಲದವರು ದಯವಿಟ್ಟು ಟೆಕ್ನಿಷಿಯನ್ ಕೈಯಲ್ಲೇ ಮಾಡಿಸಿ, ಆದ್ರೆ ಪಕ್ಕದಲ್ಲಿ ನಿಂತು ಎಲ್ಲಾ ಹಂತ ಆಗ್ತಿದೆಯಾ ಅಂತ ನೋಡಿ.

1. ಸ್ವಿಚ್ ಆಫ್ ಮಾಡಿದ್ರೆ ಸಾಲದು, ಬೋರ್ಡಲ್ಲಿ ಎಂಸಿಬಿ ಇಳಿಸಿ, ಟೆಸ್ಟರಲ್ಲಿ ಕರೆಂಟ್ ಇಲ್ಲ ಅಂತ ನೋಡ್ಕೊಳ್ಳಿ. ನೀರು ಪೂರ್ತಿ ಆರೋಕೆ ಬಿಡಿ, ಹಿಂದಿನ ರಾತ್ರಿನೇ ಆಫ್ ಮಾಡಿಟ್ರೆ ಒಳ್ಳೇದು.
2. ಗೀಸರಿಗೆ ಹೋಗೋ ತಣ್ಣೀರಿನ ವಾಲ್ವ್ ಮುಚ್ಚಿ, ಬಿಸಿ ನೀರಿನ ನಲ್ಲಿ ತೆರೆದಿಡಿ, ಗಾಳಿ ಒಳಗೆ ಹೋಗದಿದ್ರೆ ನೀರು ಖಾಲಿ ಆಗಲ್ಲ.
3. ಇನ್‌ಲೆಟ್ ಪೈಪ್ ಬಿಚ್ಚಿ ಸೇಫ್ಟಿ ವಾಲ್ವ್ ತೆಗೆದು ನೀರನ್ನ ಬಕೆಟಿಗೆ ಇಳಿಸಿ. ಬಿಸಿ ನೀರು ಮಾತ್ರ ಸಣ್ಣಗೆ ಬರ್ತಿದ್ರೆ ಕಳ್ಳ ಬಹಳ ಸಲ ಇಲ್ಲೇ, ಈ ವಾಲ್ವಿನ ಬಾಯಲ್ಲೇ ಇರ್ತಾನೆ.
4. ಕೆಳಗಿನ ಕವರ್ ತೆಗೆದು ವೈರ್‌ಗಳ ಫೋಟೋ ತೆಗೆದು ಆಮೇಲೆ ಬಿಚ್ಚಿ. ಎಲಿಮೆಂಟ್ ಕೂರಿಸಿರೋ ತಟ್ಟೆ, ಅಂದ್ರೆ ಫ್ಲ್ಯಾಂಜಿನ ಬೋಲ್ಟ್‌ಗಳನ್ನ ಎದುರು ಬದುರು ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ, ಎಲಿಮೆಂಟ್ ಇಳಿಸಿ.
5. ಎಲಿಮೆಂಟನ್ನ ಸಿಟ್ರಿಕ್ ದ್ರಾವಣದಲ್ಲಿ ನೆನೆಸಿ, ಆದ್ರೆ ವೈರ್ ಜೋಡಿಸೋ ತಲೆಭಾಗ ಒದ್ದೆ ಆಗಬಾರದು. ಸುತ್ತಿಗೆ, ಉಳಿ ಯಾವುದೂ ಬೇಡ, ಕವಚ ಸೀಳಿದ್ರೆ ಶಾಕ್ ಹೊಡೆಯುತ್ತೆ. ಟ್ಯಾಂಕ್ ಒಳಗೂ ಕಬ್ಬಿಣ ಹಾಕಿ ಕೆರೆಯಬೇಡಿ, ಒಳಗಿನ ಗಾಜಿನ ಲೇಪನ ಹೋದ್ರೆ ಟ್ಯಾಂಕ್ ತುಕ್ಕು ಹಿಡಿದು ತೂತಾಗುತ್ತೆ, ಕೈಯಿಂದ ಬಾಚಿ ನೀರು ಹೊಡೆದು ತೊಳೀರಿ.
6. ಆನೋಡ್ ರಾಡ್ ನೋಡಿ. ಇದು ಮೆಗ್ನೀಷಿಯಂ ಕಡ್ಡಿ, ಟ್ಯಾಂಕ್ ಬದ್ಲು ತಾನು ಸವೆಯೋಕೆ ಅಂತಲೇ ಇಟ್ಟಿರೋದು. ಲವಣ ಜಾಸ್ತಿ ಇರೋ ನೀರಲ್ಲಿ ಬೇಗ ಸವೆಯುತ್ತೆ. ಒಳಗಿನ ತಂತಿ ಕಾಣ್ತಿದ್ರೆ ಬದಲಾಯಿಸಿ.
7. ಹಳೇ ಗ್ಯಾಸ್ಕೆಟ್ ಮತ್ತೆ ಹಾಕ್ಬೇಡಿ, ಹೊಸದು ಹಾಕಿ ಬೋಲ್ಟ್‌ಗಳನ್ನ ಮತ್ತೆ ಎದುರು ಬದುರು ಬಿಗಿ ಮಾಡಿ.
8. ಮೊದಲು ನೀರು ತುಂಬಿಸಿ, ಬಿಸಿ ನೀರಿನ ನಲ್ಲೀಲಿ ಗಾಳಿ ಇಲ್ದೆ ಸರಾಗವಾಗಿ ನೀರು ಬಂದು, ಫ್ಲ್ಯಾಂಜ್ ಸುತ್ತ ಟಿಶ್ಯೂ ಒತ್ತಿ ನೋಡಿದ್ರೆ ಒದ್ದೆ ಆಗದೆ ಇದ್ರೆ ಆಮೇಲೆ ಮಾತ್ರ ಕರೆಂಟ್ ಕೊಡಿ. ನೀರಿಲ್ಲದೆ ಆನ್ ಮಾಡಿದ್ರೆ ಹೊಸ ಎಲಿಮೆಂಟ್ ಕೂಡ ನಿಮಿಷಗಳಲ್ಲಿ ಸುಟ್ಟು ಹೋಗುತ್ತೆ.

ನೀರು 300 ಪಿಪಿಎಂ ಮೇಲಿದ್ರೆ ವರ್ಷಕ್ಕೊಮ್ಮೆ ಇದು ಆಗಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಥರ್ಮೋಸ್ಟಾಟ್ 75ಕ್ಕೆ ಇಟ್ಟು ಆಮೇಲೆ ಅರ್ಧ ತಣ್ಣೀರು ಬೆರೆಸ್ಕೊಳ್ಳೋ ಬದ್ಲು 60 ಡಿಗ್ರಿ ಸೆಲ್ಸಿಯಸ್‌ಗೆ ಇಡಿ, ಅದಕ್ಕಿಂತ ಮೇಲೆ ಸುಣ್ಣ ಕಟ್ಟೋದು ಜೋರಾಗುತ್ತೆ, ತುಂಬಾ ಕೆಳಗಿಟ್ರೆ ಟ್ಯಾಂಕ್ ನೀರಲ್ಲಿ ಬ್ಯಾಕ್ಟೀರಿಯಾ ಬೆಳೆಯೋ ಅಪಾಯ. ಸೇಫ್ಟಿ ವಾಲ್ವ್‌ನ ಸಣ್ಣ ಲಿವರ್ ಎರಡು ಮೂರು ತಿಂಗಳಿಗೊಮ್ಮೆ ಎತ್ತಿ ನೀರು ಬರುತ್ತಾ ನೋಡಿ, ಸುಣ್ಣ ಕಟ್ಟಿ ಅದು ಮುಚ್ಚಿ ಹೋದ್ರೆ ಒತ್ತಡ ಹೊರಗೆ ಹೋಗೋ ದಾರಿನೇ ಇರಲ್ಲ. ಅದರಿಂದ ಹನಿ ಬೀಳುತ್ತೆ ಅಂತ ಬಾಯಿ ಮುಚ್ಚಿಸೋರನ್ನ ನೋಡಿದೀನಿ, ಯಾವ ಕಾರಣಕ್ಕೂ ಹಾಗೆ ಮಾಡ್ಬೇಡಿ.

ಗ್ಯಾಸ್ ಗೀಸರ್‌ನಲ್ಲಿ ತಾಮ್ರದ ಸಣ್ಣ ಕೊಳವೆ ಇರೋದ್ರಿಂದ ಸಣ್ಣ ಪಂಪ್ ಇಟ್ಟು ಸಿಟ್ರಿಕ್ ದ್ರಾವಣ ಸುತ್ತಾಡಿಸಿ ತೊಳೀಬೇಕು, ಅದು ಗೊತ್ತಿರೋರ ಕೆಲಸ. ಸೋಲಾರ್ ಹೊಸದಾಗಿ ಹಾಕಿಸೋರು ಗಡಸು ನೀರು ಅಂತ ಮೊದಲೇ ಹೇಳಿ ಹೀಟ್ ಎಕ್ಸ್‌ಚೇಂಜರ್ (ಬಳಸೋ ನೀರು ಟ್ಯೂಬ್‌ಗಳಿಗೆ ಹೋಗದೆ ಬೇರೆ ದಾರೀಲಿ ಬಿಸಿಯಾಗೋ ವ್ಯವಸ್ಥೆ) ಇರೋ ಮಾಡೆಲ್ ಕೇಳಿ, ಇಲ್ಲಾಂದ್ರೆ ಗಾಜಿನ ಟ್ಯೂಬ್‌ಗಳ ತಳದಲ್ಲಿ ಬಿಳಿ ಪುಡಿ ತುಂಬುತ್ತೆ.

ಫ್ಲಶ್ ಟ್ಯಾಂಕ್, ಓವರ್‌ಹೆಡ್ ಟ್ಯಾಂಕ್, ಡ್ರೈನ್

ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರೋದು ಗೊತ್ತೇ ಆಗಲ್ಲ. ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ 20 ನಿಮಿಷ ಫ್ಲಶ್ ಮಾಡದೆ ಬಿಡಿ, ಕಮೋಡಲ್ಲಿ ಬಣ್ಣ ಕಂಡ್ರೆ ತಳದ ರಬ್ಬರ್ ಸೀಲ್ ಸರಿಯಾಗಿ ಕೂತಿಲ್ಲ. ಸೀಲ್ ಮತ್ತೆ ಅದು ಕೂರೋ ಅಂಚಿನ ಮೇಲಿನ ಸುಣ್ಣ ಉಜ್ಜಿ ತೆಗೀರಿ, ರಬ್ಬರ್ ಗಟ್ಟಿಯಾಗಿದ್ರೆ ಹೊಸದು ಹಾಕಿ. ಓವರ್‌ಹೆಡ್ ಟ್ಯಾಂಕಿನ ಫ್ಲೋಟ್ ವಾಲ್ವಿಗೂ ಇದೇ ಕಥೆ. ಮನೇಲೆಲ್ಲೋ ಸೋರ್ತಿದೆ ಅನ್ನೋ ಅನುಮಾನ ಇದ್ರೆ ರಾತ್ರಿ ಮಲಗೋ ಮುಂಚೆ ಟ್ಯಾಂಕಿಗೆ ನೀರು ಬರೋದನ್ನ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಗ್ಗೆ ಯಾರೂ ನಲ್ಲಿ ಮುಟ್ಟೋ ಮುಂಚೆ ನೋಡಿ.

ಡ್ರೈನ್ ಕಟ್ಟೋಕೂ ಗಡಸು ನೀರು ಕಾರಣ ಅಂದ್ರೆ ಸುಮಾರು ಜನ ನಂಬಲ್ಲ. ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಅಂಟು ಗಸಿ ಆಗುತ್ತೆ, ಅದು ಕೂದಲಿಗೆ ಹಿಡ್ಕೊಂಡು ಟ್ರ್ಯಾಪಲ್ಲಿ, ಅಂದ್ರೆ ಡ್ರೈನ್ ಕೆಳಗೆ ನೀರು ನಿಲ್ಲೋ ಭಾಗದಲ್ಲಿ ಕೂರುತ್ತೆ. ಟ್ರ್ಯಾಪ್ ಬಿಚ್ಚಿ ಕೈಯಿಂದಲೇ ತೆಗೆಯೋದು ಎಲ್ಲಕ್ಕಿಂತ ಒಳ್ಳೇ ದಾರಿ. ಆಸಿಡ್ ಸುರಿಯೋ ಅಭ್ಯಾಸ ಬಿಡಿ, ಟ್ರ್ಯಾಪಿನ ಲೋಹದ ಭಾಗ, ಟೈಲ್ಸ್ ಸಂದಿನ ಸಿಮೆಂಟ್ ಎರಡನ್ನೂ ತಿನ್ನುತ್ತೆ.

ಪೈಪೇ ಕಟ್ಟಿದ್ರೆ

ನಿಜವಾಗ್ಲೂ ಕಟ್ಟೋದು ಜಾಸ್ತಿ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಲ್ಲಿ, ಸುಣ್ಣದ ಜೊತೆ ತುಕ್ಕೂ ಸೇರುತ್ತೆ. 15 ಮಿಲಿಮೀಟರ್ ಒಳ ಅಗಲ ಇರೋ ಪೈಪಲ್ಲಿ ಸುತ್ತಲೂ ಬರೀ 2 ಮಿಲಿಮೀಟರ್ ಕಟ್ಟಿದ್ರೆ ಉಳಿಯೋದು 11, ನೀರು ಹೋಗೋ ಜಾಗದಲ್ಲಿ ಹತ್ತಿರ ಹತ್ತಿರ ಅರ್ಧ ಹೋಯ್ತು. ಇಂಥ ಪೈಪಿಗೆ ಆಸಿಡ್ ತುಂಬಿಸಿ ಕ್ಲೀನ್ ಮಾಡ್ತೀವಿ ಅನ್ನೋರನ್ನ ಒಪ್ಪಬೇಡಿ, ಸುಣ್ಣ ಹೋದ ಮೇಲೆ ಕೆಳಗಿನ ತುಕ್ಕು ಹಿಡಿದ ಜಾಗದಲ್ಲಿ ತೂತು ಬೀಳುತ್ತೆ, ಕುಡಿಯೋ ನೀರಿನ ದಾರೀಲಿ ಆಸಿಡ್ ಉಳಿಯೋ ಭಯನೂ ಇದೆ. ಬದಲಾಯಿಸೋದೇ ಸರಿ. ಪ್ಲಾಸ್ಟಿಕ್ ಪೈಪುಗಳಲ್ಲಿ ಬಿಸಿ ನೀರಿಗೆ ಸಿಪಿವಿಸಿ ಅಥವಾ ಪಿಪಿಆರ್, ತಣ್ಣೀರಿಗೆ ಯುಪಿವಿಸಿನೂ ಆಗುತ್ತೆ, ಆದ್ರೆ ಯುಪಿವಿಸಿಯನ್ನ ಯಾವತ್ತೂ ಗೀಸರ್ ಲೈನಿಗೆ ಹಾಕಿಸ್ಬೇಡಿ, ಶಾಖಕ್ಕೆ ಮೆತ್ತಗಾಗುತ್ತೆ. ಹಳೇ ಪೈಪನ್ನ ಗೋಡೇಲೇ ಬಿಟ್ಟು ಹೊಸದನ್ನ ಗೋಡೆ ಮೇಲೆ ಕ್ಲಾಂಪ್ ಹಾಕಿ ತಂದ್ರೆ ಟೈಲ್ಸ್ ಉಳಿಯುತ್ತೆ, ಮುಂದೆ ರಿಪೇರಿನೂ ಸುಲಭ. ನೋಡೋಕೆ ಅಷ್ಟು ಚೆನ್ನಾಗಿರಲ್ಲ, ಆದ್ರೆ ನಾನು ಅದನ್ನೇ ಆರಿಸ್ತೀನಿ.

ಸಾಫ್ಟನರ್ ಬೇಕಾ

ನೀರು 200 ಪಿಪಿಎಂ ಒಳಗಿದ್ರೆ ಮೇಲೆ ಹೇಳಿದ ಕ್ಲೀನಿಂಗ್ ಸಾಕು. 300, 400 ಇದ್ರೆ ಇಡೀ ಮನೆಗೆ ಸಾಫ್ಟನರ್, ಅಂದ್ರೆ ನೀರಿನ ಗಡಸುತನ ತೆಗೆಯೋ ಯಂತ್ರದ ಯೋಚನೆ ಮಾಡಿ. ಒಳಗೆ ರೆಸಿನ್ ಅನ್ನೋ ಸಣ್ಣ ಮಣಿಗಳು, ಅವು ಕ್ಯಾಲ್ಸಿಯಂ ಹಿಡ್ಕೊಂಡು ಸೋಡಿಯಂ ಬಿಡ್ತವೆ, ತುಂಬಿದ ಮೇಲೆ ಉಪ್ಪು ನೀರು ಹಾಯಿಸಿದ್ರೆ ಮತ್ತೆ ಹೊಸದಾಗುತ್ತೆ. ಸೈಜ್ ಲೆಕ್ಕ ನೀವೇ ಮಾಡ್ಬಹುದು: ನಾಲ್ಕು ಜನ, ಒಬ್ಬರಿಗೆ 135 ಲೀಟರ್ ಅಂದ್ರೆ ದಿನಕ್ಕೆ 540 ಲೀಟರ್, ಗಡಸುತನ 400 ಆದ್ರೆ 540 ಇಂಟು 400, ಅಂದ್ರೆ 216 ಗ್ರಾಂ ಸುಣ್ಣ ದಿನಾ ಹಿಡೀಬೇಕು. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಹಿಡಿಯುತ್ತೆ, 25 ಲೀಟರ್ ರೆಸಿನ್ ಇದ್ರೆ 1250 ಗ್ರಾಂ, ಹತ್ತಿರ ಹತ್ತಿರ 6 ದಿನಕ್ಕೊಮ್ಮೆ ಉಪ್ಪಿನ ತೊಳೆತ. ದಿನಾ ತೊಳೀಬೇಕಾದಷ್ಟು ಚಿಕ್ಕದು ಮಾರೋಕೆ ಬಂದ್ರೆ ಈ ಲೆಕ್ಕ ತೋರಿಸಿ ಕೇಳಿ.

ಸಾಫ್ಟನರ್ ಹಾಕಿದ ಮೇಲೆ ಟಿಡಿಎಸ್ ಕಮ್ಮಿ ಆಗಲ್ಲ, ಅದು ಮೋಸ ಅಲ್ಲ, ಒಂದು ಲವಣದ ಬದ್ಲು ಇನ್ನೊಂದು ಬಂದಿರುತ್ತೆ ಅಷ್ಟೇ, ಪರೀಕ್ಷೆ ಹನಿ ಕಿಟ್ಟಲ್ಲೇ ಮಾಡಿ. 100 ಪಿಪಿಎಂ ಗಡಸುತನ ತೆಗೆದ್ರೆ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತೆ, ಹಾಗಾಗಿ ಉಪ್ಪು ಕಮ್ಮಿ ತಿನ್ನಿ ಅಂತ ಡಾಕ್ಟರ್ ಹೇಳಿರೋರು ಮನೇಲಿದ್ರೆ ಅಡುಗೆ ನೀರಿನ ನಲ್ಲಿ, ಗಿಡಕ್ಕೆ ಹಾಕೋ ನಲ್ಲಿ ಸಾಫ್ಟನರಿಂದ ಹೊರಗಿಡಿ. ಸಾಫ್ಟನರಿಗೆ ನೀರು ಹೋಗೋ ಮುಂಚೆ ಒಂದು ಮರಳು ತಡೆಯೋ ಫಿಲ್ಟರ್ ಇರಲಿ, ನೀರಲ್ಲಿ ಕಬ್ಬಿಣ ಇದ್ರೆ ಅದನ್ನ ಮೊದಲು ತೆಗೀಬೇಕು, ಇಲ್ಲಾಂದ್ರೆ ರೆಸಿನ್ ಹಾಳು. ಪೈಪಿಗೆ ಸುತ್ತೋ ಮ್ಯಾಗ್ನೆಟ್, ವೈರ್ ಸಾಧನಗಳು ನೀರಿಂದ ಕ್ಯಾಲ್ಸಿಯಂ ತೆಗೆಯಲ್ಲ, ನಾನಾದ್ರೆ ಅದಕ್ಕೆ ದುಡ್ಡು ಹಾಕಲ್ಲ.

ಪ್ಲಂಬರ್ ಕರೆಸುವಾಗ

ಒಳ್ಳೇ ಪ್ಲಂಬರ್ ಬಂದ ತಕ್ಷಣ ಸುತ್ತಿಗೆ ತೆಗೆಯಲ್ಲ, ಬಿಸಿ ತಣ್ಣೀರು ಎರಡರಲ್ಲೂ ಹೀಗಾ, ಯಾವಾಗಿಂದ, ಬೇರೆ ನಲ್ಲೀಲಿ ಹೇಗಿದೆ ಅಂತ ಕೇಳ್ತಾರೆ. ಕೇಳದೇ ಗೋಡೆ ಒಡೀಬೇಕು ಅಂದ್ರೆ ಯಾವ ಜಾಗದಲ್ಲಿ ಕಟ್ಟಿದೆ, ಅದನ್ನ ಹೇಗೆ ಕಂಡುಹಿಡಿದ್ರಿ, ಹೋಸ್ ಬಿಚ್ಚಿ ನೋಡಿದ್ರಾ ಅಂತ ಮರ್ಯಾದೆಯಿಂದಲೇ ಕೇಳಿ. ಕೂಲಿ ಎಷ್ಟು, ಸಾಮಾನು ಎಷ್ಟು ಬೇರೆ ಬೇರೆ ಬರೆಸ್ಕೊಳ್ಳಿ, ತೆಗೆದ ಹಳೇ ಭಾಗ ತೋರಿಸೋಕೆ ಹೇಳಿ. ಹೊಸ ಲೈನ್ ಹಾಕಿದ್ರೆ ಪ್ಲಾಸ್ಟರ್ ಮಾಡೋ ಮುಂಚೆ ಪ್ರೆಶರ್ ಟೆಸ್ಟ್ ಮಾಡಿಸಿ, ಬಳಕೆಯ ಒತ್ತಡದ ಒಂದೂವರೆ ಪಟ್ಟು ಹಾಕಿ ಗೇಜ್ ಮುಳ್ಳು ಇಳಿಯದೆ ನಿಲ್ಲಬೇಕು. ಪ್ರತಿ ಬಾತ್‌ರೂಮಿಗೂ, ಗೀಸರಿಗೂ ಬೇರೆ ವಾಲ್ವ್ ಕೇಳಿ, ಗೀಸರಿನ ಎರಡೂ ಬದಿ ಯೂನಿಯನ್ (ಬಿಚ್ಚಿ ಹಾಕೋಕಾಗೋ ಪೈಪ್ ಜೋಡಣೆ) ಹಾಕಿಸಿ, ಬಿಚ್ಚಿ ಜೋಡಿಸೋಕೆ ಪೈಪ್ ಕತ್ತರಿಸೋ ಪ್ರಮೇಯ ಬರಲ್ಲ. ಗೋಡೆ ಮುಚ್ಚೋ ಮುಂಚೆ ಪೈಪ್ ಪಕ್ಕದಲ್ಲಿ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಡಿ.

ಕೆಲಸ ಮುಗಿದ ದಿನ ಮತ್ತೆ ಅದೇ 10 ಲೀಟರ್ ಬಕೆಟ್ ಇಟ್ಟು ಸೆಕೆಂಡ್ ಎಣಿಸಿ, ಆ ನಂಬರನ್ನ ತಾರೀಕಿನ ಜೊತೆ ಬಾತ್‌ರೂಮ್ ಬಾಗಿಲ ಹಿಂದೆ ಪೆನ್ಸಿಲಲ್ಲಿ ಬರೆದಿಡಿ. ನಮ್ಮನೇಲಿ ಅಲ್ಲಿ ಈಗ ಏಳು ಸಾಲು ಇದೆ, ನಂಬರ್ ಏರ್ತಿರೋದು ಕಂಡಾಗ ನಾನು ಮೊದಲು ಹುಡುಕೋದು ಸ್ಪ್ಯಾನರ್ ಮತ್ತೆ ವಿನೆಗರ್ ಬಾಟಲು.